28 ದಿನದ ನಂಬಿಕೆ

ಬಿಪಿ ಒಮ್ಮೆ ಬಂದರೆ ಜೀವನಪೂರ್ತಿ ಮಾತ್ರೆ ನುಂಗಬೇಕು ಅನ್ನುತ್ತಾರೆ ಇಂಗ್ಲೆಂಡಿನ ಡಾಕ್ಟರು. ಬರೆದುಕೊಡುವುದು ಮಾತ್ರ ಬಹುಪಾಲು 28 ದಿನಕ್ಕೆ. ಕಾಯಿಲೆ ಮೇಲೆ ಇರುವ ನಂಬಿಕೆ ಕಾಯಿಲೆಯವನ ಮೇಲಿಲ್ಲ.

ಹಾಗಾಗಿ ತಿಂಗಳು ತಿಂಗಳೂ ರಿಪೀಟ್ ಪ್ರಿಸ್ಕ್ರಿಪ್ಷನ್‌ಗೆ ಅರ್ಜಿ. ಬೇಗ ಹಾಕಿದರೆ ‘ಇನ್ನೂ ಟೈಮ್ ಆಗಿಲ್ಲ’, ತಡವಾದರೆ ‘ಎರಡು ಕೆಲಸದ ದಿನ ಬೇಕು’. ಶುಕ್ರವಾರ ಸಂಜೆ ನೆನಪಾದವನಿಗೆ ಮಂಗಳವಾರವೇ ಗತಿ. ಸರ್ಜರಿಗೆ, ಅಂದರೆ ಡಾಕ್ಟರ ಕ್ಲಿನಿಕ್ಕಿಗೆ, ಫೋನ್ ಮಾಡಿದರೆ ‘ಸಾಲಿನಲ್ಲಿ ನೀವು 14ನೆಯವರು’ ಅನ್ನುತ್ತದೆ ಯಂತ್ರ. ಸರದಿ ಬಂದಾಗ ರಿಸೆಪ್ಷನಿಸ್ಟ್ ಬಹಳ ವಿನಯದಿಂದ, ‘ಕ್ಷಮಿಸಿ ಸರ್, ಔಷಧಿ ಆರ್ಡರ್ ಫೋನಿನಲ್ಲಿ ತಗೊಳ್ಳಲ್ಲ, ಆ್ಯಪ್‌ನಲ್ಲಿ ಹಾಕಿ’ ಅನ್ನುತ್ತಾರೆ. ಆ್ಯಪ್ ತೆರೆದರೆ ‘ಮೆಡಿಕೇಶನ್ ರಿವ್ಯೂ ಬಾಕಿ’. ರಿವ್ಯೂಗೆ ಅಪಾಯಿಂಟ್‌ಮೆಂಟ್ ಬೇಕು. ಅದಕ್ಕೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಬೇಕು.

ದುಡ್ಡಿನ ಕಥೆ ಇನ್ನೂ ಸೊಗಸು. 1948ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದಾಗ ಔಷಧಿ ಪುಕ್ಕಟೆ. 1952ರಲ್ಲಿ ಒಂದು ಶಿಲಿಂಗ್ ಶುಲ್ಕ ಬಂತು, 1965ರಲ್ಲಿ ಹೋಯಿತು, 1968ರಲ್ಲಿ ಮತ್ತೆ ವಕ್ಕರಿಸಿತು. 2024ರ ಮೇನಲ್ಲಿ ಅದು ಒಂದೊಂದು ಔಷಧಿಗೂ 9.90 ಪೌಂಡ್ ಆಯಿತು. ವೇಲ್ಸ್ ಈ ಶುಲ್ಕವನ್ನು 2007ರಲ್ಲೇ ಕಿತ್ತುಹಾಕಿತು, ಸ್ಕಾಟ್ಲೆಂಡ್ 2011ರಲ್ಲಿ. ಇಂಗ್ಲೆಂಡಿನಲ್ಲೂ ಅರವತ್ತು ತುಂಬಿದರೆ ಶುಲ್ಕವಿಲ್ಲ. ಅದಕ್ಕೂ ಮುಂಚೆಯೇ ಉಳಿಸುವ ಆಸೆಯಿದ್ದರೆ ಕಾಯಿಲೆಯನ್ನು ನೋಡಿ ಆರಿಸಿಕೊಳ್ಳಬೇಕು. ವಿನಾಯಿತಿಯ ಕಾಯಿಲೆಗಳ ಪಟ್ಟಿ 1968ರದ್ದು. 2009ರಲ್ಲಿ ಕ್ಯಾನ್ಸರ್ ಸೇರಿಸಿದ್ದು ಬಿಟ್ಟರೆ ಹೆಚ್ಚುಕಮ್ಮಿ ಹಾಗೇ ಇದೆ. ಥೈರಾಯ್ಡ್ ಮಂದವಾಗಿ ದಿನಾ ಮಾತ್ರೆ ತಗೊಳ್ಳುವವನಿಗೆ ಬೇರೆ ಯಾವ ರೋಗದ ಔಷಧಿಯೂ ಪುಕ್ಕಟೆ. ಉಬ್ಬಸದವನು ಮಾತ್ರ ಉಸಿರಿಗೂ ದುಡ್ಡು ಕೊಡಬೇಕು. ಸಕ್ಕರೆ ಕಾಯಿಲೆಯವನು ಅನ್ನ ಬಿಟ್ಟು, ಹೋಳಿಗೆ ಬಿಟ್ಟು, ಬರೀ ಪಥ್ಯದಲ್ಲೇ ಅದನ್ನು ಹಿಡಿದಿಟ್ಟರೆ ವಿನಾಯಿತಿ ಇಲ್ಲ. ಬಾಯಿ ಕಟ್ಟದೆ ಮಾತ್ರೆಗೆ ಬಂದವನಿಗೆ ಎಲ್ಲವೂ ಉಚಿತ. ಸಂಯಮಕ್ಕೆ ದಂಡ ಹಾಕುವ ಇಂಥ ಔದಾರ್ಯ ಬೇರೆಲ್ಲಿ ಸಿಕ್ಕೀತು?

ನಮ್ಮ ಕಡೆ ಈ ತಾಪತ್ರಯವೇ ಇಲ್ಲ ಬಿಡಿ. ಡಾಕ್ಟರು ಚೀಟಿಯಲ್ಲಿ ‘ಮತ್ತೆ ಕೊಡಬಹುದು’ ಎಂದು ಬರೆಯದ ಹೊರತು ಒಂದೇ ಸಲ ಕೊಡಬೇಕು ಅನ್ನುತ್ತವೆ 1945ರ ಡ್ರಗ್ಸ್ ನಿಯಮಗಳು. ಆದರೆ ಅಮ್ಮಂದಿರು ಖಾಲಿ ಶೀಟ್ ಹಿಡಿದು ‘ಇದೇ ಇನ್ನೊಂದು ಕೊಡಪ್ಪ’ ಅನ್ನುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಕತ್ತರಿಯಲ್ಲಿ ಹತ್ತರಲ್ಲಿ ಆರು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಮಾತ್ರೆಯ ಹೆಸರಿನ ಬಾಲ ಅಮ್ಮನ ಪಾಲಿಗೆ, ಎಕ್ಸ್‌ಪೈರಿ ತಾರೀಖು ಅಂಗಡಿಯವನ ಪಾಲಿಗೆ.

ಇಂಗ್ಲೆಂಡಿನ ಕನ್ನಡಿಗ ಈ ಎರಡೂ ಲೋಕ ಬಲ್ಲವನು. ರಜೆಗೆ ಬಂದಾಗ ಆರು ತಿಂಗಳ ಮಾತ್ರೆಯನ್ನು ಚಟ್ನಿಪುಡಿ, ಹಪ್ಪಳದ ನಡುವೆ ತುರುಕಿಕೊಂಡು ಹೋಗುತ್ತಾನೆ. ಎರಡು ತಿಂಗಳು ಅರ್ಜಿ ಬರದಿದ್ದಾಗ ಸರ್ಜರಿಗೆ ಗಾಬರಿಯಾಗುತ್ತದೆ. ಅಲ್ಲಿಯವರೆಗೆ ಕೈಗೇ ಸಿಗದಿದ್ದ ಅದು ತಾನಾಗಿಯೇ ಮೆಸೇಜ್ ಕಳಿಸುತ್ತದೆ: ‘ನೀವು ಮಾತ್ರೆ ತರಿಸಿಕೊಂಡಿಲ್ಲ, ಕೂಡಲೇ ಸಂಪರ್ಕಿಸಿ.’

ಸಂಪರ್ಕಿಸುತ್ತಾನೆ. ಸಾಲಿನಲ್ಲಿ 19ನೆಯವನು.