ಎಣ್ಣೆ, ಸೀಗೇಕಾಯಿ ಮತ್ತು ಅತ್ತೆ

ಎಣ್ಣೆಗೂ ಸೀಗೇಕಾಯಿಗೂ ಆಗಿಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆದರೆ ಆ ಜಗಳದ ಲಾಭ ನಮ್ಮ ತಲೆಗೇ. ಈಗ ಬಚ್ಚಲಿನ ಗೂಡಿನಲ್ಲಿ ಬಂದು ಕೂತವರ ಜಗಳ ಆ ಥರದ್ದಲ್ಲ. ಟಾಯ್ಲೆಟ್ ಆಸಿಡ್ಡು, ಬ್ಲೀಚಿಂಗ್ ಪೌಡರು, ಫಿನಾಯಿಲು, ಪೈಪು ಕಟ್ಟಿಕೊಂಡರೆ ಸುರಿಯುವ ಪುಡಿ ಎಲ್ಲವೂ ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಒಂದರ ಮುಚ್ಚಳವೂ ನೆಟ್ಟಗಿಲ್ಲ.

ನೀರು ತುಂಬುವ ಹಬ್ಬಕ್ಕೆ ಮುಂಚೆ ಬಚ್ಚಲು, ಪಾಯಿಖಾನೆ ತಿಕ್ಕುವುದು ನಮ್ಮ ಸೋದರತ್ತೆಯ ವಾರ್ಷಿಕ ದಂಡಯಾತ್ರೆ. ಮೊದಲು ಬ್ಲೀಚಿಂಗ್ ಪೌಡರು ಉದುರಿಸಿ, ಅದರ ಮೇಲೆ ಆಸಿಡ್ ಸುರಿಯಬೇಕೆಂಬುದು ಅವರ ಸಿದ್ಧಾಂತ. ಯಾಕೆಂದು ಕೇಳಿದರೆ, "ಕಷಾಯಕ್ಕೆ ಒಂದೇ ಸಾಮಾನು ಹಾಕ್ತಾರೇನೋ?"

ಈ ಕಷಾಯದಿಂದ ಏಳುವುದು ಕ್ಲೋರೀನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಸಾವಿರಾರು ಸಿಲಿಂಡರ್ ತೆರೆದು ಶತ್ರುಗಳತ್ತ ಹರಿಯಬಿಟ್ಟದ್ದೂ ಇದನ್ನೇ. ಪಾಪ, ಅವರು ಅನುಕೂಲದ ಗಾಳಿಗಾಗಿ ಕಾಯಬೇಕಾಯಿತು. ಅತ್ತೆಗೆ ಆ ತಾಪತ್ರಯವಿಲ್ಲ. ನಮ್ಮ ಪಾಯಿಖಾನೆಯ ಕಿಂಡಿ ಇರುವುದೇ ಒಂದು ಗೇಣು, ಅದಕ್ಕೂ ಹಲ್ಲಿ ಬರುತ್ತದೆಂದು ಪೇಪರ್ ತುರುಕಿದ್ದಾರೆ. ಕ್ಲೋರೀನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ನೆಲ ಹಿಡಿದು ಕೂರುತ್ತದೆ, ಅತ್ತೆ ಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತ ಮಟ್ಟದಲ್ಲೇ.

ಅಂದಿನ ದಾಳಿಯ ಉಸ್ತುವಾರಿ ಹೊತ್ತಿದ್ದ ಫ್ರಿಟ್ಸ್ ಹಾಬರ್ ಸಾಹೇಬರಿಗೆ 1918ರ ನೊಬೆಲ್ ಸಿಕ್ಕಿದ್ದು ಅಮೋನಿಯ ತಯಾರಿಸಿದ್ದಕ್ಕೆ. ಗಾಜು ಒರೆಸುವ ಕೆಲವು ದ್ರಾವಣಗಳಲ್ಲಿ ಆ ಅಮೋನಿಯವೂ ಇರುತ್ತದೆ. ಬ್ಲೀಚಿನ ಜೊತೆ ಕೂಡಿದರೆ ಕ್ಲೋರಮೀನ್ ಎಂಬ ಇನ್ನೊಂದು ವಿಷಗಾಳಿ. "ಹಾಗಾದ್ರೆ ಆಸಿಡ್ ಬದಲು ನಿಂಬೆಹಣ್ಣು ಹಿಂಡ್ತೀನಿ ಬಿಡು" ಎಂದರು ಅತ್ತೆ. ಬ್ಲೀಚಿಂಗ್ ಪೌಡರಿಗೆ ಹುಳಿಯಲ್ಲಿ ಜಾತಿಭೇದವಿಲ್ಲ, ವಿನಿಗರ್ ಆದರೂ ಸರಿ, ನಿಂಬೆಯಾದರೂ ಸರಿ.

ಮಾವನ ಖಾತೆ ಪೈಪು. ಕಾಸ್ಟಿಕ್ ಸೋಡಾ ಜೊತೆ ಅಲ್ಯೂಮಿನಿಯಂ ಚೂರು ಬೆರೆಸಿದ ಪುಡಿಗೆ ನೀರು ಬಿದ್ದರೆ ಕುದಿಯುವಷ್ಟು ಕಾವು, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್. ಒಳಗೇನು ಬುಸುಗುಡುತ್ತಿದೆ ಎಂದು ಮಾವ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಬಗ್ಗುತ್ತಾರೆ. ಪಟಾಕಿ ಹುಷಾರು ಎಂದು ಮಕ್ಕಳನ್ನು ಗದರುವವರೂ ಇವರೇ.

ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದೆ. ಒಂದು ಸಲಕ್ಕೆ ಒಂದೇ, ಬಾಗಿಲು ತೆರೆದಿಟ್ಟು, ಆಮೇಲೆ ಧಾರಾಳ ನೀರು. ಅತ್ತೆ ಕನ್ನಡಕ ಏರಿಸಿ ಬಾಟಲಿ ಓದಿದರು.

"ನೂರಕ್ಕೆ 99.9 ಕ್ರಿಮಿ ಸಾಯುತ್ತೆ ಅಂತ ಬರೆದಿದ್ದಾರೆ ಕಣೋ. ಉಳಿದಿದ್ದು ನೀನೇ ಇರಬೇಕು, ಸರಿ ಆ ಕಡೆ."