ನೃತ್ಯಗಾತಿಯ ನೀರುಗಂಟಿ

ಮಗಳು ಭರತನಾಟ್ಯಕ್ಕೆ ಸೇರಿದ ಮೇಲೆ ನನಗೆ ಸಿಕ್ಕಿದ್ದು ನೀರುಗಂಟಿಯ ಹುದ್ದೆ. ಹೆಗಲಿಗೆ ಬಾಟಲಿ, ಕೈಯಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಬೆವರಿನ ಜೊತೆ ಉಪ್ಪೂ ಹೋಗುತ್ತದಲ್ಲ! ಅಭ್ಯಾಸದ ದಿನ ತಕರಾರಿಲ್ಲ, ಮಂಡಿ ಬಾಗಿಸಿದ ಅರಮಂಡಿಯಿಂದ ಎದ್ದಾಗಲೆಲ್ಲ ಎರಡು ಗುಟುಕು. ಫಜೀತಿಯೆಲ್ಲ ಕಾರ್ಯಕ್ರಮದ ದಿನವೇ. ಜಡೆ, ಸೊಂಟಪಟ್ಟಿ, ಗೆಜ್ಜೆ ಬಿಗಿದ ಮೇಲೆ ಮಹಾರಾಣಿ ಬಾಯಿ ತೆರೆಯುವುದಿಲ್ಲ. ಕುಡಿದರೆ ಲಿಪ್‌ಸ್ಟಿಕ್ ಹೋಗುತ್ತದೆ. ಕುಡಿದದ್ದು ಕೆಳಗಿಳಿದರೆ ಪಿನ್ನು ಚುಚ್ಚಿದ ಆ ಕಚ್ಚೆ ಬಿಚ್ಚುವವರು ಯಾರು? ವರ್ಣ ಎಂಬ ನೃತ್ಯವೊಂದೇ ಅರ್ಧ ಗಂಟೆ ಎಳೆಯುತ್ತದೆ, ಬಾಯಾರುವವರೆಗೆ ಕಾಯಬೇಡ ತಾಯೀ ಎಂದು ಸ್ಟ್ರಾ ಹಿಡಿದು ಗೋಗರೆಯುತ್ತೇನೆ. ಉತ್ತರ ಪತಾಕ ಹಸ್ತದಲ್ಲಿ: ಬೇಡ! ಗುರುಗಳು ಒಮ್ಮೆ ಕಣ್ಣರಳಿಸಿದರೆ ಮಾತ್ರ ಅರ್ಧ ಲೋಟ ಸರಾಗ ಇಳಿಯುತ್ತದೆ. ಉಳಿದರ್ಧ ಟೆನ್ಷನ್ನಿಗೆ ನಾನೇ ಕುಡಿಯುತ್ತೇನೆ. ಮೊದಲ ನೃತ್ಯ ಅಲರಿಪು ಶುರುವಾಗುವ ಹೊತ್ತಿಗೆ ಸಭಾಂಗಣದ ಶೌಚಾಲಯ ಹುಡುಕುತ್ತಿರುವವನೂ ನಾನೇ.