ಕಲ್ಲು ಸಾರಿ ಹೇಳಿತು

ಮಗಳ ಮಂಡಿ ತರಚಿದೆ. ಗಾಯ ಎಂಟಾಣೆ ಬಿಲ್ಲೆಯಷ್ಟು, ರಕ್ತ ಹೆಚ್ಚೆಂದರೆ ನಾಲ್ಕು ಹನಿ. ಅದರ ವಿಚಾರಣೆ ಮಾತ್ರ ಇನ್ನೂ ಮುಗಿದಿಲ್ಲ. ಇದನ್ನು ಬರೆಯುವ ಹೊತ್ತಿಗೂ ಹಾಲ್‌ನಲ್ಲಿ ಅತ್ತೆ ಒಂದು ದಿಕ್ಕಿಗೆ, ಸೊಸೆ ಇನ್ನೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ.

ನ್ಯೂಜೆರ್ಸಿಯಿಂದ ರಜೆಗೆಂದು ವೈಟ್‌ಫೀಲ್ಡಿನ ಅಪ್ಪನ ಫ್ಲಾಟಿಗೆ ಬಂದಿದ್ದೇವೆ. ಕೆಳಗಿನ ಇಂಟರ್‌ಲಾಕ್ ಕಲ್ಲುಹಾಸಿನ ಮೇಲೆ ಸ್ಕೂಟರ್ ಓಡಿಸುತ್ತಿದ್ದ ಮಗಳು ಮುಗ್ಗರಿಸಿದಳು. ಮೊದಲು ತಲುಪಿದ್ದು ನಮ್ಮಮ್ಮ. ಮಗುವನ್ನು ಎತ್ತುವ ಮುಂಚೆಯೇ ಕಲ್ಲಿಗೆ ಎರಡು ಬಾರಿಸಿದಳು: "ನನ್ ಕಂದಂಗೆ ಹೊಡೀತೀಯಾ? ತಗೋ! ಇನ್ನೊಂದ್ಸಲ ಹೊಡೀತೀಯಾ? ತಗೋ!" ನಾವೆಲ್ಲ ಹೀಗೇ ಬೆಳೆದವರು. ಅಮ್ಮನ ಕೈಯಲ್ಲಿ ನನಗಿಂತ ಹೆಚ್ಚು ಏಟು ತಿಂದದ್ದು ನಮ್ಮ ಹಳೆ ಮನೆಯ ಹೊಸ್ತಿಲು.

ಅಷ್ಟರಲ್ಲಿ ನನ್ನ ಹೆಂಡತಿ ಓಡಿಬಂದಳು. "ಅತ್ತೆ, ಹಾಗೆಲ್ಲ ಕಲಿಸಬೇಡಿ. ಮೊದಲು ಅವಳ ಫೀಲಿಂಗ್ಸ್ ಅರ್ಥ ಮಾಡ್ಕೋಬೇಕು" ಎನ್ನುತ್ತ ಮಂಡಿಯೂರಿ ಕೂತು, "ನಿಂಗೆ ನೋವಾಗಿದೆ ಅಂತ ನಂಗೆ ಕಾಣ್ತಿದೆ ಪುಟ್ಟಾ" ಎಂದಳು.

"ಅದು ಕಾಣೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಎಂದಳು ಅಮ್ಮ.

ಮಗಳು ಎರಡೂ ಪಂಥಗಳಿಂದ ತನಗೆ ಬೇಕಾದ್ದನ್ನು ಆರಿಸಿಕೊಂಡಳು. ಅಜ್ಜಿಯ ಪ್ರಕಾರ ತಪ್ಪು ಕಲ್ಲಿನದು. ಡೇಕೇರ್ ಪ್ರಕಾರ ತಪ್ಪು ಮಾಡಿದವರು ಸಾರಿ ಹೇಳಬೇಕು. ಆದ್ದರಿಂದ ಕಲ್ಲು ಸಾರಿ ಹೇಳುವ ತನಕ ತಾನು ಏಳುವುದಿಲ್ಲ, ಕಾಲು ತೊಳೆಸಿಕೊಳ್ಳುವುದೂ ಇಲ್ಲ.

ಕಲ್ಲಿನೆದುರು ಸತ್ಯಾಗ್ರಹ ಶುರುವಾಯಿತು. ಸೆಕ್ಯುರಿಟಿಯವನು ಬಂದು ಹಿಂದಿಯಲ್ಲಿ ಕಲ್ಲನ್ನು ಬೈದ. ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಯಾರೋ ಮೇಲಿಂದಲೇ ಐಸ್ ಹಚ್ಚಿ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಕಲ್ಲು ಜಗ್ಗಲಿಲ್ಲ.

ಕೊನೆಗೆ ಅಪ್ಪ ಬಂದರು, ಕೈಯಲ್ಲಿ ನೋಟ್‌ಬುಕ್ ಹಿಡಿದು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸುರಕ್ಷತೆ ನೋಡಿಕೊಳ್ಳುತ್ತಿದ್ದವರು. ನಿವೃತ್ತರಾದರೂ 1948ರ ಕಾರ್ಖಾನೆ ಕಾಯ್ದೆ ಅವರಿಂದ ನಿವೃತ್ತವಾಗಿಲ್ಲ. "ನೂರೈವತ್ತು ಜನಕ್ಕೊಂದು ಫಸ್ಟ್ ಏಡ್ ಪೆಟ್ಟಿಗೆ ಇರಬೇಕು. ಈ ಬ್ಲಾಕಿಗೆ ಒಂದೂ ಇಲ್ಲ" ಎಂದು ಬರೆದುಕೊಂಡರು. ಎದ್ದಿದ್ದ ಕಲ್ಲಿನ ಎತ್ತರ ಅಳೆದರು. ಗಾಯಾಳು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕಂತೆ. ಗಾಯಾಳುವಿಗೆ ನಾಲ್ಕು ವರ್ಷ.

ನಗುವುದು ಸುಲಭ. ಆದರೆ ಪವರ್ ಪ್ರೆಸ್‌ಗೆ ಬೆರಳು ಕೊಟ್ಟ ಹುಡುಗರ ಕೈಗೆ ಟವೆಲ್ ಸುತ್ತಿಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಓಡಿದವರು ಅವರು. ನಾಲ್ಕು ಹನಿ ರಕ್ತ ನಮಗೆ ನಾಲ್ಕು ಹನಿ, ಅವರಿಗೆ ಅಷ್ಟೇ ಅಲ್ಲ. ಟೇಪು ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು.

ಅಳತೆ ಮುಗಿಸಿದವರು ಮೊಮ್ಮಗಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಎಲ್ಲಿಂದಲೋ ಒಂದು ಕೀರಲು ದನಿ ಬಂತು: "ಸಾರಿ ಕಣವ್ವಾ. ಬೇಕೂಂತ ಮಾಡ್ಲಿಲ್ಲ. ಕಾಲ್ ತೊಳ್ಕೋ ಹೋಗು."

ಮಗಳ ಕಣ್ಣು ಇಷ್ಟಗಲವಾಯಿತು. "ಕಲ್ಲಿಗೆ ಕನ್ನಡ ಬರತ್ತೆ!"

ಬರಲೇಬೇಕಲ್ಲ! 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿ, ವೈಟ್ ಎನ್ನುವವರ ಹೆಸರಿಟ್ಟುಕೊಂಡ ಊರಿದು. ಈಗ ಕಡುಗೋಡಿವರೆಗೆ ಮೆಟ್ರೊ ಬಂದಿದೆ, ದೇಶದ ಎಲ್ಲ ಭಾಷೆಯೂ ಬಂದಿದೆ. ಅಪ್ಪನ ಸೊಸೈಟಿಯಲ್ಲಿ ನಮ್ಮ ಮನೆಯ ಹೊರಗೆ ಕನ್ನಡ ಆಡಿದ್ದನ್ನು ನನ್ನ ಮಗಳು ಕೇಳಿದ್ದು ಆ ಕಲ್ಲಿನ ಬಾಯಲ್ಲೇ ಮೊದಲು.

ಅಲ್ಲಿಂದ ವೈದ್ಯಯುದ್ಧ. ಅಮ್ಮ ಅರಿಶಿನ ತಂದಳು, ಅದು ಸಾಲದೆಂದು ಕಾಫಿಪುಡಿ ಡಬ್ಬವನ್ನೂ ತಂದಳು. ಹೆಂಡತಿ ಸ್ನಾನದ ಮನೆ ಬಾಗಿಲಿಗೆ ಅಡ್ಡ ನಿಂತು, ನಲ್ಲಿ ನೀರು, ಸೋಪು, ಮೇಲೊಂದು ಬ್ಯಾಂಡೇಡ್, ಅಷ್ಟೇ ಎಂದಳು. "ಧನುರ್ವಾಯು ಇಂಜೆಕ್ಷನ್?" ಎಂದರು ಅಪ್ಪ. "ತುಕ್ಕು ಕಬ್ಬಿಣ ತಾಗಿದ್ರೆ ತಾನೇ ಅದು?" ಎಂದಳು ಅಮ್ಮ. ಆ ರೋಗಾಣುವಿಗೆ ತುಕ್ಕೇ ಬೇಕಿಲ್ಲ, ಅದರ ವಾಸ ಮಣ್ಣಿನಲ್ಲಿ. ಸದ್ಯ, ಮಗಳ ಲಸಿಕೆಗಳೆಲ್ಲ ಆಗಿದ್ದವು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಕಾರ್ಡು ನೋಡಿ, ಸೂಜಿ ಬೇಡ, ತೊಳೆದದ್ದೇ ಔಷಧ ಎಂದು ಕಳಿಸಿದರು. ಇಂಜೆಕ್ಷನ್ ಕೊಡದವರು ಎಂಥ ಡಾಕ್ಟರು ಎಂದು ಅಮ್ಮನಿಗೆ ಅಸಮಾಧಾನ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಕೋರ್ಸ್ ಪೂರ್ತಿ ಮಾಡಿದಳು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದೆವು, ಹೊಗೆ ಅಲಾರಂ ಒಂದು ಬಿಟ್ಟು. ಅಪ್ಪ ಅದನ್ನೂ ಬರೆದುಕೊಂಡರು.

ಗಾಯಾಳು ಸಂಜೆಯೇ ಸ್ಕೂಟರ್ ಹತ್ತಿದ್ದರಿಂದ ಸರ್ಕಾರಕ್ಕೆ ತಿಳಿಸುವ ಪ್ರಮೇಯ ಬರಲಿಲ್ಲ. ಈಗಿನ ಬಿಕ್ಕಟ್ಟು ಬೇರೆ. ಅವಳು ದಿನಾ ಕಲ್ಲಿನ ಹತ್ತಿರ ಹೋಗಿ ಊಟ ಆಯ್ತಾ ಎಂದು ವಿಚಾರಿಸುತ್ತಾಳೆ. ಉತ್ತರ ಕೊಡಲು ಅಪ್ಪ ಬಿಸಿಲಲ್ಲಿ ಹಿಂದೆಯೇ ನಡೆಯಬೇಕು. ನಿನ್ನೆ ಹೊಸ ಬೇಡಿಕೆ ಬಂತು: ಕಲ್ಲನ್ನು ನ್ಯೂಜೆರ್ಸಿಗೆ ಒಯ್ಯಬೇಕು, ಅಲ್ಲಿ ಕನ್ನಡ ಮಾತಾಡೋಕೆ ಯಾರೂ ಇಲ್ಲ.

ಹೆಂಡತಿ ನನ್ನ ಮುಖ ನೋಡಿದಳು. ನಾನು ಸೂಟ್‌ಕೇಸಿಗೆ 23 ಕೆಜಿ ಮಾತ್ರ ಎಂದೆ. ಅಪ್ಪ ತಕ್ಷಣ ನೋಟ್‌ಬುಕ್ ತೆರೆದು, "ಉಪ್ಪಿನಕಾಯಿ ಕಡಿಮೆ ಮಾಡಿದ್ರೆ ಹಿಡಿಯುತ್ತೆ" ಎಂದರು.

"ಉಪ್ಪಿನಕಾಯಿ ಮುಟ್ಬೇಡಿ" ಅಮ್ಮ ಒಳಗಿನಿಂದಲೇ ಕೂಗಿದಳು. "ಕಲ್ಲಿಗೆ ಜಾಗ ಬೇಕಾದ್ರೆ ಅವನ ಬಟ್ಟೆ ತೆಗೀರಿ!"